ಇಟ್ಟು ನೋಡುವ ಹರಳು

ನವೆಂಬರ್ 9, ರವಿವಾರ

ಬೈಯಬೇಕು ಅನಿಸಿದೆ, ಬೈಯಲಿಕ್ಕೆ ಜಾಗವಿಲ್ಲ. ಬೆಳಗಾವಿ ಶಹಾಪುರದ ನಮ್ಮ ಮನೆಯಲ್ಲಿ ಒಂದು ಖೋಲಿಯಲ್ಲಿ ಸೀನಿದರೆ ಇನ್ನೊಂದು ಖೋಲಿಯಿಂದ ಅವ್ವ ಕಷಾಯ ತರುತ್ತಾಳೆ. ಅದಕ್ಕೇ ಈ ಡೈರಿ. ಔಷಧ ಕಂಪನಿಯವರು ನಮ್ಮ ಲ್ಯಾಬಿಗೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಪಿತ್ತದ ಗುಳಿಗೆಯ ಜಾಹೀರಾತು ಇದೆ. ಇವತ್ತಿನ ನನ್ನ ಸ್ಥಿತಿಗೆ ಹೇಳಿ ಮಾಡಿಸಿದ ಹಾಗಿದೆ.

ಬೆಳಿಗ್ಗೆ ಎಷ್ಟು ಚಂದ ಇತ್ತು! ಗೌರವ ಖಾನಾಪುರದಿಂದ ಬೈಕಿನಲ್ಲಿ ಬಂದ. ಮುಂದಿನ ತಿಂಗಳು ನಮ್ಮ ನಿಶ್ಚಯ. ಉಂಗುರಕ್ಕೆ ವಜ್ರ ಆರಿಸಲಿಕ್ಕೆ ಇಬ್ಬರೂ ಹೋದೆವು. ನಾನು ಮೊದಲೇ ಹೇಳಿದ್ದೆ, ನನಗೆ ಲ್ಯಾಬಿನಲ್ಲಿ ಬೆಳೆಸಿದ ವಜ್ರ ಸಾಕು ಅಂತ. ಗುಡ್ಡ ಅಗೆದು, ಮಂದಿಯ ಬೆನ್ನು ಮುರಿದು ತೆಗೆದ ಕಲ್ಲು ನನ್ನ ಬೆರಳಿಗೆ ಯಾತಕ್ಕೆ? ಅದೂ ಇಂಗಾಲ, ಇದೂ ಇಂಗಾಲ. ದಿನವಿಡೀ ಲ್ಯಾಬಿನಲ್ಲಿ ಕೂತು ಊರವರ ರಕ್ತ ನೋಡಿ ಸಂಬಳ ತರುವವಳು ನಾನು. ಲ್ಯಾಬ್ ಅಂದರೆ ನನಗೆ ಖೊಟ್ಟಿಯಲ್ಲ, ಅನ್ನ.

ಅಂಗಡಿಯವನು ಎರಡು ಹರಳನ್ನು ಅಕ್ಕಪಕ್ಕ ಇಟ್ಟು, 'ಯಾವುದು ನೆಲದ್ದು, ಯಾವುದು ಲ್ಯಾಬಿನದು ಹೇಳ್ರಿ ನೋಡೂಣು' ಅಂದ. ನನಗೆ ತಿಳಿಯಲಿಲ್ಲ. ಗೌರವನಿಗೂ ತಿಳಿಯಲಿಲ್ಲ. ಅವನು ನಕ್ಕು, 'ನಿನಗ ಯಾವುದ ಬೇಕೋ ಅದ' ಅಂದ. ಇಂಥ ಮಾತು ಕೇಳಿಯೇ ನಾನು ಇವನಿಗೆ ಹ್ಞೂಂ ಅಂದದ್ದು. ನೋಡಲು ಬಂದ ಉಳಿದವರೆಲ್ಲ ತಮಗೆ ಏನು ಬೇಕು ಅಂತಲೇ ಹೇಳಿ ಹೋದವರು. ಲ್ಯಾಬಿನದೇ ಒಂದು ಹರಳು ಆರಿಸಿ ಬಂದೆವು.

ಸಂಜೆ ಖಾನಾಪುರದ ಮಹಾರಾಣಿಯ ಫೋನು ಬಂತು. ಗೌರವನ ತಾಯಿ, ಕುಮುದಿನಿ ಕಾಕೂ.

'ರಸಿಕಾ, ಮಷೀನದಾಗ ಬೇಯಿಸಿದ ಹರಳ ನಮ್ಮ ಮನಿತನದಾಗ ಯಾರೂ ಹಾಕ್ಕೊಂಡಿಲ್ಲವಾ. ನೆಲದಾಗ ಹುಟ್ಟಿದ್ದ ಬೇಕು.'

ಬೇಯಿಸಿದ್ದಂತೆ! ಹಂಚಿನ ಫ್ಯಾಕ್ಟರಿ ಇಟ್ಟುಕೊಂಡು ಮೂರು ತಲೆಮಾರು ಮಣ್ಣು ಬೇಯಿಸಿ ಉಂಡವರು ಹೇಳುವ ಮಾತೇ ಇದು? ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. 'ಆತ್ರಿ ಕಾಕೂ' ಅಂದೆ.

ಗೌರವನಿಗೆ ಫೋನು ಮಾಡಿ ಕೂಗಾಡಿದೆ. ಪಾಪ, ಎಲ್ಲ ಕೇಳಿಸಿಕೊಂಡ. 'ಚಿಂತಿ ಬಿಡು, ನಾ ಎಲ್ಲಾ ನೋಡ್ಕೋತೀನಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು' ಅಂದ. ಅವನ ದನಿ ಕೇಳಿದರೆ ಸಿಟ್ಟು ಇಳಿಯುತ್ತದೆ.

ನವೆಂಬರ್ 12, ಬುಧವಾರ

ರಜೆ ಹಾಕಿ ಅಪ್ಪನ ಜೊತೆ ಖಾನಾಪುರಕ್ಕೆ ಹೋಗಿ ಬಂದೆ. ನಿಶ್ಚಯ ಡಿಸೆಂಬರ್ ಏಳಕ್ಕೆ, ಅವರ ಮನೆಯಲ್ಲೇ. ಮರುದಿನದಿಂದ ಬೆಳಗಾವಿಯಲ್ಲಿ ಅಧಿವೇಶನ. ಊರಿನ ಒಂದು ಲಾಡ್ಜೂ ಖಾಲಿ ಇಲ್ಲ, ಸಿಕ್ಕ ಹಾಲ್‌ನಲ್ಲಿ ಪೊಲೀಸರು ಮಲಗುತ್ತಾರಂತೆ.

ಕಾಕೂ ಚಹಾ ಕೊಟ್ಟು, ಎದುರಿಗೆ ಕೂತು, ಒಂದೊಂದೇ ಮಾತು ಜೋಡಿಸಿ ಹೇಳಿದರು. ಸಿಟ್ಟು ಮಾಡಿದ್ದರೆ ನಾನೂ ಮಾಡಬಹುದಿತ್ತು. ಅವರು ನನ್ನ ಕೈ ಹಿಡಿದುಕೊಂಡೇ ಮಾತಾಡುತ್ತಾರೆ, ಬಿಡಿಸಿಕೊಳ್ಳುವುದು ಹೇಗೆ?

'ನೆಲದ ಹರಳ ಎಲ್ಲಾರಿಗೂ ಆಗಿಬರಂಗಿಲ್ಲವಾ. ಇಟ್ಟ ನೋಡಬೇಕು. ಪಾಡ್ಯಾದಿಂದ ಹುಣ್ಣಿಮಿ ತನಕ ಮೈಮ್ಯಾಲ ಕಟ್ಟಿಕೊಂಡಿರಬೇಕು. ಜ್ವರ ಬಂತು, ಬಿದ್ದಿ, ಕೆಟ್ಟ ಕನಸ ಬಿತ್ತು, ಮನ್ಯಾಗ ಜಗಳಾತು ಅಂದ್ರ ಅದು ಬ್ಯಾಡ. ವಾಪಸ್ ಕೊಟ್ಟು ಇನ್ನೊಂದ ತರೂದು, ಮತ್ತ ಪಾಡ್ಯಾದಿಂದ ಸುರು. ನಮ್ಮ ಸರಾಫರಿಗಿ ಇದೆಲ್ಲಾ ಗೊತ್ತೈತಿ, ನಂಬಿಗಿ ಮ್ಯಾಲ ಕೊಡತಾರ.'

'ಕಾಕೂ, ಲ್ಯಾಬಿನ ಹರಳಿಗಿ ಈ ಕಾಟನ ಇಲ್ಲಲ್ರಿ. ಅದಕ್ಕ ದೋಷ ಎಲ್ಲಿಂದ ಬರತೈತಿ?'

'ಅದಕ್ಕ ದೋಷಾನೂ ಇಲ್ಲ, ಗುಣಾನೂ ಇಲ್ಲ' ಅಂದರು.

ವಾದದಲ್ಲಿ ಸೋಲಿಸುವ ಹೆಂಗಸು. ಅಪ್ಪನ ಕಡೆ ನೋಡಿದೆ. ಅಪ್ಪನದು ಸೀರೆ ಅಂಗಡಿ. ಕೈಮಗ್ಗದ ಸೀರೆಗೆ ಕೈ ಮುಗಿದು ಪವರ್‌ಲೂಮಿನದನ್ನೇ ಒಯ್ಯುವ ಮಂದಿಯನ್ನು ದಿನಾ ನೋಡುವ ಮನುಷ್ಯ. ಒಂದು ಮಾತು ಆಡಬಹುದಿತ್ತು. ಬಿಸ್ಕೀಟು ಚಹಾದಲ್ಲಿ ಅದ್ದಿ ಕೂತರು.

ಹುಣ್ಣಿಮೆ ಡಿಸೆಂಬರ್ ನಾಲ್ಕಕ್ಕೆ. ಹರಳು ಒಂದೇ ಸಲಕ್ಕೆ ಆಗಿಬಂದರೆ ಸರಿ. ಇಲ್ಲದಿದ್ದರೆ ಧನುರ್ಮಾಸ ಕಳೆಯುವ ತನಕ ನಿಶ್ಚಯವಿಲ್ಲ. ನನ್ನದು ಮುಂದೆ ಹೋದರೆ ತಂಗಿ ಸಾನಿಕಾಳದ್ದೂ ಮುಂದೆ. ಅವಳನ್ನು ಒಪ್ಪಿದ ನಿಪ್ಪಾಣಿಯವರು ಅಕ್ಕನದು ಯಾವಾಗ ಅಂತ ಕೇಳುತ್ತಲೇ ಇದ್ದಾರೆ.

ಹೊರಡುವಾಗ ಗೌರವ ಅಂಗಳಕ್ಕೆ ಬಂದು ಪಿಸುಗುಟ್ಟಿದ. 'ಹದಿನೈದ ದಿನ ಹ್ಞೂಂ ಅನ್ನು. ಆಮ್ಯಾಲ ನಾವು ಬೆಳಗಾವ್ಯಾಗ, ಟಿಳಕವಾಡಿದಾಗ ಮನಿ ಮಾಡ್ಕೊಂಡು ಇರಾವ್ರು. ನೀ ನಿನ್ನ ಲ್ಯಾಬಿಗಿ ಹೋಗು, ಯಾರ ಕೇಳತಾರ?' ಈ ಮಾತು ಅವನು ನೋಡಲು ಬಂದ ದಿನವೇ ಕೊಟ್ಟದ್ದು. ಕೆಲಸ ಬಿಡು ಅನ್ನುವವರಾಗಿದ್ದರೆ ನಾನು ಆ ಅಂಗಳದಲ್ಲಿ ನಿಲ್ಲುತ್ತಲೂ ಇರಲಿಲ್ಲ. ಸರಿ, ಹದಿನೈದು ದಿನ ತಾನೆ.

ನವೆಂಬರ್ 21, ಶುಕ್ರವಾರ

ಹರಳು ಬಂತು. ಕಾಕೂ ಸರಾಫರ ಹತ್ತಿರ ತಾವೇ ಆರಿಸಿದ್ದು. ಗೌರವ ಅಂಗಡಿಯಿಂದ ಇಸಿದುಕೊಂಡು ಬಂದ. ಕೆಂಪು ರೇಷ್ಮೆಯ ಪುಟ್ಟ ಚೀಲ, ಕಡಲೆಕಾಳಿನಷ್ಟೂ ಇಲ್ಲದ ಹರಳು. ಅವ್ವ ದೇವರ ಮುಂದಿಟ್ಟು, ಅರಿಶಿನ ಹಚ್ಚಿ, ನನ್ನ ಎಡರಟ್ಟೆಗೆ ದಾರದಿಂದ ಕಟ್ಟಿದಳು. ತಾಯಿತ ಕಟ್ಟಿದ ಹಾಗೆ. ನನಗೆ ಇಪ್ಪತ್ತೆಂಟು ವರ್ಷ.

ಲ್ಯಾಬಿನಲ್ಲಿ ಏಪ್ರನ್ ತೋಳಿನೊಳಗೆ ಗಂಟು ಕಂಡು ರುಕ್ಸಾರ ಬಿದ್ದುಬಿದ್ದು ನಕ್ಕಳು. ಕ್ಯಾಂಪ್ ಭಾಗದವಳು, ನನ್ನ ಜೊತೆ ಐದು ವರ್ಷದಿಂದ ಇದ್ದಾಳೆ, ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವ ಪೈಕಿಯಲ್ಲ. 'ಅರೇ, ಹರಳಿಗಿ ನೀ ಆಗಿಬರತೀಯೋ ಇಲ್ಲೋ ಅಂತ ಅದೂ ನೋಡಾಕತ್ತಿರತೈತಿ, ಹುಷಾರ!' ಅಂದಳು.

ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ಅಷ್ಟು ಚಂದ ಅನಿಸಲಿಲ್ಲ.

ನವೆಂಬರ್ 22, ಶನಿವಾರ

ಸಂಜೆ ಚಹಾದ ಹೊತ್ತಿಗೆ ಕಾಕೂ ಫೋನು. 'ಆರಾಮ ಅದೀಯಿಲ್ಲೋ? ಕನಸ ಏನರ?' ಇನ್ನು ದಿನಾ ಮಾಡುತ್ತಾರಂತೆ. ನನ್ನ ಕನಸಿಗೂ ಹಾಜರಿ ಹಾಕಬೇಕು.

ನವೆಂಬರ್ 24, ಸೋಮವಾರ

ಬಿದ್ದೆ. ಗೋವಾವೇಸ್ ಹತ್ತಿರ ಅಧಿವೇಶನಕ್ಕೆಂದು ರಸ್ತೆ ಚಂದ ಮಾಡಲು ಜಲ್ಲಿ ಸುರಿದಿದ್ದಾರೆ. ಸ್ಕೂಟಿ ಜಾರಿ ಮೊಣಕಾಲು ಕೆತ್ತಿಹೋಯಿತು. ಪುಢಾರಿಗಳ ಕಾರು ಕುಲುಕಬಾರದು, ನಮ್ಮ ಕಾಲು ಮುರಿದರೂ ನಡೆಯುತ್ತದೆ. ಒಬ್ಬ ಹಣ್ಣಿನ ಗಾಡಿಯ ಮುದುಕ ಎಬ್ಬಿಸಿ ನೀರು ಕೊಟ್ಟ.

ಕೂತಲ್ಲೇ ಮೊದಲು ಬಂದ ವಿಚಾರ ಕಾಲಿನದಲ್ಲ. ಇದನ್ನು ಯಾರಿಗೂ ಹೇಳುವಂತಿಲ್ಲ ಅನ್ನುವುದು. ಹೇಳಿದರೆ ಹರಳು ವಾಪಸ್, ಮತ್ತೊಂದು ಪಾಡ್ಯ, ಧನುರ್ಮಾಸ, ನಿಪ್ಪಾಣಿಯವರು, ಅವ್ವನ ಅಳು. ಸರಕಾರಿ ಜಲ್ಲಿಗೆ ನನ್ನ ರಟ್ಟೆಯ ಮೇಲಿನ ಹರಳು ಹೊಣೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲ್ಯಾಬಿನಲ್ಲೇ ಪಟ್ಟಿ ಹಾಕಿಕೊಂಡೆ. ಮನೆಯಲ್ಲಿ ಕುಂಟದೆ ನಡೆಯಬೇಕು, ಅದೊಂದು ಕಸರತ್ತು. ಫೋನು ಬಂತು. 'ಆರಾಮ ಅದೀನ್ರಿ ಕಾಕೂ.' ಗೌರವನಿಗೆ ಮಾತ್ರ ಹೇಳಿದೆ. 'ಶಾಣ್ಯಾಕಿ! ಹಿಂಗ ಇರಬೇಕು' ಅಂದ. ಕಾಲು ಹೇಗಿದೆ ಅಂತ ಆಮೇಲೆ ಕೇಳಿದ. ಕೆಲಸದ ಗಡಿಬಿಡಿಯಲ್ಲಿದ್ದ, ಪಾಪ.

ನವೆಂಬರ್ 27, ಗುರುವಾರ

ತಲೆನೋವು. ನಿನ್ನೆ ಸಾನಿಕಾಳ ಜೊತೆ ಜಗಳ, ಅವಳು ನನ್ನ ದುಪಟ್ಟಾ ಸುಟ್ಟಿದ್ದಕ್ಕೆ. ಅವ್ವ ಓಡಿ ಬಂದು ಇಬ್ಬರ ಬಾಯಿಯನ್ನೂ ಮುಚ್ಚಿದಳು. 'ಹರಳ ಐತಿ ಮನ್ಯಾಗ, ಒದರಬ್ಯಾಡ್ರಿ!' ಹರಳಿಗೆ ಕಿವಿ ಇದೆ ಅನ್ನುವ ಹಾಗೆ. ಸಾನಿಕಾ ಮುಖ ತಿರುಗಿಸಿ ಮಲಗಿದಳು. ಬೆಳಿಗ್ಗೆ ನಾನೇ ಮಾತಾಡಿಸಿದೆ. ಈ ಮನೆಯಲ್ಲಿ ಒಂದು ಸಿಟ್ಟು ಕೂಡ ಪೂರ್ತಿ ಮಾಡುವಂತಿಲ್ಲ.

ಸಂಜೆ ಕಾಕೂ ಫೋನು ಉದ್ದವಾಯಿತು. ಏನೋ ಸಿಟ್ಟಿನಲ್ಲಿ ಕೇಳಿಬಿಟ್ಟೆ. 'ನಿಮಗೂ ಹಿಂಗ ಇಟ್ಟ ನೋಡಿದ್ರೇನ್ರಿ?'

'ಇಟ್ಟಿದ್ರವಾ. ಮೂಗುತಿ ಹರಳು. ಮೂರನೇ ದಿನಕ್ಕ ನನಗ ಜ್ವರ ಬಂತು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಹರಳ ವಾಪಸ್ ಹೋಗತೈತಿ, ಹರಳಿನ ಜೋಡಿ ನನ್ನೂ ವಾಪಸ್ ಕಳಸ್ತಾರ ಅಂತ ಅಂಜಿಕಿ. ಜ್ವರದಾಗ ಹಿತ್ತಲದಾಗ ಕುಂತು ಪಾತ್ರಿ ತಿಕ್ಕೀನಿ.'

'ಮತ್ತ ನನಗ್ಯಾಕ ಮಾಡಾಕತ್ತೀರಿ?' ಅಂದೆ. ಹೀಗೆ ಕೇಳಬಾರದಿತ್ತೇನೋ.

'ಕಟ್ಟೂದ ಬಿಡಾಕ ನನ್ನ ಕೈಲೆ ಆಗಲಿಲ್ಲವಾ. ನಮ್ಮ ಮಾವ ಹರಳ ಇಟ್ಟ ನೋಡದ ಹಾಕ್ಕೊಂಡ ವರ್ಷಾನ ಫ್ಯಾಕ್ಟರಿ ಸುಟ್ಟಿತ್ತು. ಆ ಅಂಜಿಕಿ ಹೋಗೂದಿಲ್ಲ. ಆದ್ರ ನನಗ ಆಗ ಯಾರೂ ಆರಾಮ ಅದೀಯೇನು ಅಂತ ಕೇಳಲಿಲ್ಲ. ನಿನಗ ದಿನಾ ಕೇಳಬೇಕು ಅಂತ ಅನಸ್ತು.'

ಮೊಣಕಾಲಿನ ವಿಷಯ ಹೇಳಿಬಿಡಬೇಕಿತ್ತು. ಆದರೆ ಸಾನಿಕಾ ಬಾಜುವಿನಲ್ಲೇ ಕೂತು ನಿಪ್ಪಾಣಿಯವನ ಜೊತೆ ಮೆಸೇಜು ಮಾಡುತ್ತ ನಗುತ್ತಿದ್ದಳು.

ನವೆಂಬರ್ 29, ಶನಿವಾರ

ಇವತ್ತು ಫೋನು ತಡವಾಗಿ ಬಂತು. ಅಷ್ಟರಲ್ಲಿ ಎರಡು ಸಲ ಮೊಬೈಲು ತೆಗೆದು ನೋಡಿದೆ. ಕಾಕೂಗೆ ಗಂಟಲು ಕಟ್ಟಿದೆಯಂತೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ ಅಂದೆ. ನೆಲದ ಹರಳಿಗೆ ಮೈಮೇಲೆ ಒಂದಾದರೂ ಮಚ್ಚೆ ಇರುತ್ತದಂತೆ, ಮನುಷ್ಯರಿಗೆ ಇದ್ದ ಹಾಗೆ. 'ಎಷ್ಟ ಕೋಟಿ ವರ್ಷ ಕತ್ತಲದಾಗ ಇದ್ದು ಬಂದೈತಿ, ಕಲೆ ಬೀಳದ ಇರತೈತೇನು?' ಅಂದರು. ರಾತ್ರಿ ಚೀಲದ ಮೇಲೆ ಬೆರಳಾಡಿಸಿ ನೋಡಿದೆ. ಅಷ್ಟು ದೂರದಿಂದ ಬಂದದ್ದು ನನ್ನ ರಟ್ಟೆಯ ಮೇಲೆ ಮಲಗಿದೆ.

ಡಿಸೆಂಬರ್ 1, ಸೋಮವಾರ

ಮಧ್ಯಾಹ್ನ ಲ್ಯಾಬು ಖಾಲಿ ಇತ್ತು. ಮಚ್ಚೆಯ ಸುದ್ದಿ ಹೇಳಿದೆ. ರುಕ್ಸಾರ, 'ತೆಗಿ, ನೋಡೇಬಿಡೂಣು' ಅಂದಳು. ಇಬ್ಬರೂ ಮೈಕ್ರೋಸ್ಕೋಪಿನ ಕೆಳಗೆ ಹರಳು ಇಟ್ಟು, ಪಕ್ಕದಿಂದ ಮೊಬೈಲಿನ ಬೆಳಕು ಬಿಟ್ಟೆವು. ಒಳಗೆಲ್ಲ ಹುಡುಕಿದೆ, ಮಚ್ಚೆ ಕಾಣಲಿಲ್ಲ. ಚಿಮಟದಿಂದ ತಿರುಗಿಸುತ್ತ ಅಂಚಿಗೆ ಬಂದೆ.

ಅಂಚಿನ ಮೇಲೆ ಅಕ್ಷರ. ಎಲ್, ಜಿ. ಅದರ ಮುಂದೆ ಸಾಲಾಗಿ ಅಂಕಿ.

ಆ ರವಿವಾರ ಅಂಗಡಿಯವನೇ ಭೂತಗನ್ನಡಿಯಲ್ಲಿ ತೋರಿಸಿದ್ದ. ಲ್ಯಾಬಿನ ವಜ್ರಕ್ಕೆ ಅಂಚಿನಲ್ಲಿ ಲೇಸರಿನಿಂದ ಹೀಗೆ ಕೊರೆಯುತ್ತಾರೆ, ನೆಲದ್ದರ ಜೊತೆ ಕಲೆಯಬಾರದು ಅಂತ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಗಲುವುದಿಲ್ಲ. ಕೊನೆಯ ಎರಡು ಅಂಕಿ ನನ್ನ ಹುಟ್ಟಿದ ವರ್ಷದ್ದೇ, 97. ಆವತ್ತು ಅದಕ್ಕೇ ಅದನ್ನು ಆರಿಸಿದ್ದೆವು.

ಕಾಕೂ ಆರಿಸಿದ ಹರಳಲ್ಲ ಇದು. ನಾನು ಆರಿಸಿದ್ದು.

'ಯಾ ಅಲ್ಲಾ, ನಿನ್ನ ಹುಡುಗ ನಿನಗ ಬೇಕಾದ್ದನ್ನ ತಂದಾನಲ್ಲ! ಯಾಕ ಅಳಾಕತ್ತೀ?' ಅಂದಳು ರುಕ್ಸಾರ.

ನಾನು ಅಳುತ್ತಿರುವುದು ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಬೆಳಕು ಚುಚ್ಚಿತ್ತು ಅಷ್ಟೆ.

ಡಿಸೆಂಬರ್ 2, ಮಂಗಳವಾರ

ಕೋಟೆ ಕೆರೆಯ ಹತ್ತಿರ ಗೌರವನನ್ನು ಕರೆಸಿದೆ. ಕೇಳಿದ ತಕ್ಷಣ ನಕ್ಕ. ಸಿಕ್ಕಿಬಿದ್ದ ನಗೆಯಲ್ಲ, ಶಾಬಾಸ್ ಅನ್ನಲಿ ಅನ್ನುವ ನಗೆ.

'ಆಯಿಗಿ ನೆಲದ್ದ ಬೇಕಿತ್ತು, ನಿನಗ ಲ್ಯಾಬಿನದ ಬೇಕಿತ್ತು. ಆಯಿ ಆರಿಸಿದ್ದನ್ನ ಸರಾಫರಿಗಿ ಅವತ್ತ ತಿರುಗಿ ಕೊಟ್ಟೆ. ಇದನ್ನ ಆ ಚೀಲದಾಗ ಹಾಕಿದೆ. ಆಯಿಗಿ ಸಮಾಧಾನ, ನಿನಗೂ ಸಮಾಧಾನ. ಯಾರಿಗಿ ಏನ್ ಲುಕ್ಸಾನ ಆತು ಹೇಳು?'

'ನನಗ್ಯಾಕ ಹೇಳಲಿಲ್ಲ?'

'ನೀ ಖರೇ ಮುಖದಾಕಿ. ಮುಖದ ಮ್ಯಾಲ ಬಂದಬಿಡತಿತ್ತು.'

'ನಾ ಬಿದ್ದೆ, ಮುಚ್ಚಿಟ್ಟೆ. ತಲಿನೋವು ಮುಚ್ಚಿಟ್ಟೆ. ದಿನಾ ನಿಮ್ಮ ತಾಯಿಗಿ ಸುಳ್ಳ ಹೇಳೇನಿ. ಅದು ಬರೇ ಲ್ಯಾಬಿನ ಹರಳು ಅಂತ ನಿನಗ ಗೊತ್ತಿತ್ತು.'

'ಅದ ಮತ್ತ! ಅದರಾಗ ದೋಷ ಇಲ್ಲಲ್ಲ. ನೀ ಸುಮ್ಮ ಅಂಜಿದ್ದಿ' ಅಂದ. ಇಷ್ಟು ಹೇಳಿ ನನ್ನ ಕೆನ್ನೆ ತಟ್ಟಿ, ಕಾರ್ನ್ ತಿಂತೀಯೇನು ಅಂತ ಕೇಳಿದ.

ತಿಂದೆ. ಯಾಕೆ ತಿಂದೆ ಅಂತ ಈಗ ಸಿಟ್ಟು ಬರುತ್ತಿದೆ. ಅವನ ಮಾತಿಗೆ ಎದುರು ಮಾತು ಇಲ್ಲ. ನಿಜ, ಯಾರಿಗೂ ಲುಕ್ಸಾನಾಗಿಲ್ಲ. ನನಗೆ ಬೇಕಾದದ್ದೇ ಸಿಕ್ಕಿದೆ. ಹಾಗಿದ್ದ ಮೇಲೆ ಎದೆಯ ಮೇಲೆ ಹಂಚಿನ ಗಾಡಿ ನಿಲ್ಲಿಸಿದ ಹಾಗೆ ಯಾಕಾಗಿದೆ?

ಡಿಸೆಂಬರ್ 3, ಬುಧವಾರ

ಕಾಕೂ ಫೋನು. ಗಂಟಲು ಕಡಿಮೆಯಾಗಿದೆ. ದನಿಯಲ್ಲಿ ಖುಷಿ. 'ನಾಳಿ ಹುಣ್ಣಿಮಿ. ಶನಿವಾರ ದುಂಡಪ್ಪ ಪತ್ತಾರ ಮನಿಗೇ ಬಂದು ಹರಳು ಕೂಡಸ್ತಾನ. ಕೂಡಸೂ ಮೊದಲ, ಆಗಿಬಂತೇನು ಅಂತ ಕಟ್ಕೊಂಡಾಕೀನ ಕೇಳತಾನ. ನೀನ ನಿನ್ನ ಬಾಯ್ಲೆ ಹೇಳಬೇಕು.'

'ಆತ್ರಿ.'

'ಇನ್ನೊಂದ ಮಾತು. ನಿನಗ ಅಂತ ಮ್ಯಾಲಿನ ಖೋಲಿಗಿ ಬಣ್ಣ ಹಚ್ಚಿಸಾಕತ್ತೀನಿ. ಕಿಡಕಿ ದೊಡ್ಡದ ಮಾಡಿಸೇನಿ, ಅಡವಿ ಕಾಣತೈತಿ. ನೀ ಕೆಲಸ ಬಿಟ್ಟು ಇಲ್ಲೇ ಇರತೀನಿ ಅಂದಿ ಅಂತ ಗೌರವ ಹೇಳಿದಾಗ ನನಗ ಕಣ್ಣಾಗ ನೀರ ಬಂತವಾ. ಈಗಿನ ಹುಡಿಗ್ಯಾರು ಯಾರ ಹಂಗ ಅಂತಾರ?'

ಫೋನಿನಲ್ಲಿ ಅವರು ಬಣ್ಣದ ಹೆಸರು ಹೇಳುತ್ತಿದ್ದರು. ತಿಳಿ ಹಳದಿ ನಡೆಯುತ್ತದೇನು ಅಂತ ಕೇಳಿದರು. ನಡೆಯುತ್ತದೆ ಅಂದೆ.

ಗೌರವನಿಗೆ ಫೋನು. 'ಟಿಳಕವಾಡಿ ಮನಿ?' ಅಂತ ಕೇಳಿದೆ.

'ಅದೂ ಆಗತೈತಿ. ಮೊದಲ ಮದುವಿ ಆಗಲಿ. ಒಂದ ವರ್ಷ ಇಲ್ಲಿ ಇದ್ದರ ಆಯಿಗಿ ಸಮಾಧಾನ ಆಗತೈತಿ, ಆಮ್ಯಾಲ ನೋಡೂಣು. ಅಷ್ಟರಾಗ ನಿನಗೂ ರೂಢಿ ಆಗಿರತೈತಿ.'

ನಿನಗೂ ರೂಢಿ ಆಗಿರುತ್ತದೆ. ಈ ಮಾತನ್ನು ಅವನು ಎಷ್ಟು ಮೆತ್ತಗೆ ಹೇಳಿದನೆಂದರೆ, ಫೋನಿಟ್ಟ ಮೇಲೆ ನನಗೆ ತಿಳಿಯಿತು.

ಡಿಸೆಂಬರ್ 4, ಗುರುವಾರ

ಅವ್ವನಿಗೆ ಹೇಳಿದೆ. ಹರಳಿನದು, ಮನೆಯದು, ಕೆಲಸದ್ದು, ಎಲ್ಲ. ಅಪ್ಪ ಜೋಕಾಲಿಯ ಮೇಲೆ ಕೂತು ಪೇಪರು ಹಿಡಿದಿದ್ದರು.

ಅವ್ವ ಮೊದಲು ಬಾಗಿಲು ಹಾಕಿದಳು. 'ಇಷ್ಟಕ್ಕ ಯಾರರ ಮುರಕೋತಾರೇನ? ಸುಳ್ಳ ಹೇಳಿ ನಿನಗ ಬೇಕಾದ್ದ ಕೊಡಿಸ್ಯಾನ! ಮಂದಿ ಗಂಡಸರು ಸುಳ್ಳ ಹೇಳಿ ಕುಡದ ಬರತಾರ. ಅದಲ್ದ, ನಿನ್ನ ಲ್ಯಾಬಿನ ಕೆಲಸ ಏನ್ ಕಲೆಕ್ಟರ್ ಕೆಲಸಾ?'

'ಅವ್ವಾ, ಅವಾ ನನಗೊಂದ ಹೇಳ್ಯಾನ, ಅವರಿಗೊಂದ ಹೇಳ್ಯಾನ.'

'ಇಬ್ಬರಿಗೂ ಬ್ಯಾಸರ ಆಗಬಾರದಂತ ಹೇಳ್ಯಾನ. ಸಮಾಧಾನಿ ಹುಡುಗ.'

'ನಾ ಕುಮುದಿನಿ ಕಾಕೂಗ ಹೇಳಿಬಿಡ್ತೀನಿ.'

'ಹೇಳು! ಹೇಳಿ ತಾಯಿ ಮಗನ ನಡುವ ಹುಳಿ ಹಿಂಡಿದಾಕಿ ಅನಿಸ್ಕೋ. ಆಮ್ಯಾಲ ಆ ಮನ್ಯಾಗ ಹೆಂಗ ಬಾಳ್ವಿ ಮಾಡ್ತಿ ನೋಡ್ತೀನಿ. ಈಕಡಿ ಸಾನಿಕಾನ ಗತಿ?'

ಸಾನಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನಾದರೂ ಅಂದಿದ್ದರೆ ಬೈಯಬಹುದಿತ್ತು.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮನೆ ಮುರುಕಿ. ಹೇಳದಿದ್ದರೆ ಜೀವನಪೂರ್ತಿ ಆ ಹೆಣ್ಣುಮಗಳ ಎದುರಿಗೆ ಕೈಯಲ್ಲಿ ಆ ಉಂಗುರ ಹಾಕಿಕೊಂಡು ಹಳದಿ ಖೋಲಿಯಲ್ಲಿ ಕೂಡಬೇಕು. ಅವನು ಮಾತ್ರ ಇಬ್ಬರ ನಡುವೆ ಆರಾಮವಾಗಿ ಓಡಾಡಿಕೊಂಡಿರುತ್ತಾನೆ. ನಾಳೆ ಮಕ್ಕಳಾದರೆ ಅವಕ್ಕೊಂದು ಹೇಳುತ್ತಾನೆ.

ಅಪ್ಪ ಪೇಪರು ಮಡಿಸಿ ಅಂಗಡಿಗೆ ಹೋದರು. ನನ್ನಪ್ಪ ಮಧುಕರ ಅನ್ನುವ ಮನುಷ್ಯನಿಗೆ ದೇವರು ಬಾಯಿ ಕೊಟ್ಟದ್ದು ಬರೀ ಚಹಾಕ್ಕೆ.

ಇವತ್ತು ಹುಣ್ಣಿಮೆ. ಅವ್ವ ದಾರ ಬಿಚ್ಚಿದಳು. ರಟ್ಟೆಯ ಮೇಲೆ ಗೆರೆ ಬಿದ್ದಿದೆ, ಕೆಂಪಗೆ.

ಡಿಸೆಂಬರ್ 5, ಶುಕ್ರವಾರ

ಕಾಕೂ ಫೋನು. ಆರಾಮ ಅಂದೆ.

ಗೌರವನ ಮೆಸೇಜು. 'ನಾಳಿ ಒಂದ ಮಾತು ಅಂದಬಿಡು, ಎಲ್ಲಾ ಮುಗೀತು.' ಕೆಳಗೆ ಕೆಂಪು ಹೃದಯ.

ಡಿಸೆಂಬರ್ 6, ಶನಿವಾರ

ಸಂಜೆಯಾಗಿದೆ. ಬರೆದು ಮುಗಿಸುತ್ತೇನೆ.

ಹತ್ತರ ಹೊತ್ತಿಗೆ ಖಾನಾಪುರ ಮುಟ್ಟಿದೆವು. ಅಪ್ಪ, ಅವ್ವ, ನಾನು. ಸಾನಿಕಾ ನಾಳೆ ಬರುವವಳಿದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ ದುಂಡಪ್ಪ ಪತ್ತಾರ ತನ್ನ ಪುಟ್ಟ ಇಕ್ಕಳ, ಅರ, ಬಟ್ಟಲು ಹರವಿ ಕೂತಿದ್ದ. ಗೌರವನ ಅಪ್ಪ ಕುರ್ಚಿಯಲ್ಲಿ, ಅವನ ಇಬ್ಬರು ಅತ್ತೆಯರು ಗೋಡೆಗೆ ಒರಗಿ. ಗೌರವ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ. ಬಿಳಿ ಅಂಗಿ, ಚಂದ ಕಾಣುತ್ತಿದ್ದ. ಅದನ್ನು ಸುಳ್ಳು ಯಾಕೆ ಹೇಳಲಿ.

ಕಾಕೂ ನನ್ನನ್ನು ಮೊದಲು ಮೇಲೆ ಕರೆದೊಯ್ದರು, ಖೋಲಿ ತೋರಿಸಲು. ಹಳದಿ ಬಣ್ಣ ಇನ್ನೂ ಹಸಿಯಾಗಿತ್ತು. ಕಿಟಕಿಯಲ್ಲಿ ಖರೇನೇ ಅಡವಿ ಕಾಣುತ್ತದೆ. 'ಇಲ್ಲಿ ಕುಂತು ಪುಸ್ತಕ ಓದಬಹುದು ನೀ' ಅಂದರು. ಆಗ ಅಲ್ಲೇ ಹೇಳಿಬಿಡಬೇಕು ಅಂತ ಬಾಯಿ ತೆಗೆದೆ. ಅವರು ನನ್ನ ತಲೆಯ ಮೇಲಿನ ಧೂಳು ಕೊಡವಿದರು, ಬಾಯಿ ಮುಚ್ಚಿದೆ.

ಕೆಳಗೆ ಬಂದು ಕೂತೆ. ಕಾಕೂ ಹಿಡಿದ ಬೆಳ್ಳಿಯ ತಟ್ಟೆಯಲ್ಲಿ ಹರಳು, ಬಾಜುವಿನಲ್ಲಿ ಬರಿದಾದ ಉಂಗುರ. ಪತ್ತಾರ ಕನ್ನಡಕ ಏರಿಸಿ ಕೇಳಿದ.

'ಯವ್ವಾ, ಹರಳ ಆಗಿಬಂತೇನು?'

ಎಲ್ಲರೂ ನಗುಮುಖ ಮಾಡಿಕೊಂಡು ಕಾದರು. ಅವ್ವ ಹಿಂದಿನಿಂದ ನನ್ನ ಸೆರಗು ಮೆತ್ತಗೆ ಜಗ್ಗಿದಳು. ಒಂದು ಮಾತು. ಅಂದುಬಿಟ್ಟರೆ ಮುಗಿಯಿತು.

'ಇಲ್ರಿ' ಅಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಒಬ್ಬ ಅತ್ತೆ, 'ಅಯ್ಯ ಶಿವನ' ಅಂದರು. ಗೌರವ ಎರಡು ಹೆಜ್ಜೆ ಒಳಗೆ ಬಂದ. 'ಏನಿಲ್ಲ, ಏನಿಲ್ಲ, ಆಕಿ ಅಂಜ್ಯಾಳ. ಬೇಕಂದ್ರ ಇನ್ನೊಂದ ಹರಳ ತರತೀನಿ' ಅಂದ. ಅವನ ಮುಖದಲ್ಲಿ ಇನ್ನೂ ನಗು ಇತ್ತು.

'ಹರಳ ಚಲೋ ಐತ್ರಿ' ಅಂದೆ. 'ಅದು ನಾನ ಆರಿಸಿದ್ದು. ಲ್ಯಾಬಿನದು. ನೀವು ಕೊಟ್ಟದ್ದು ಅವತ್ತ ಸರಾಫರ ಕಡೆ ವಾಪಸ್ ಹೋಗೇತಿ. ಕಾಕೂ, ನಾ ಕೆಲಸ ಬಿಡತೀನಿ ಅಂತ ಯಾರಿಗೂ ಹೇಳಿಲ್ರಿ. ಬಿಡೂದೂ ಇಲ್ಲ. ಟಿಳಕವಾಡಿದಾಗ ಮನಿ ಮಾಡೂಣು ಅಂತ ಗೌರವ ನನಗ ಹೇಳ್ಯಾನ.'

ಪತ್ತಾರ ಕನ್ನಡಕ ತೆಗೆದು ತನ್ನ ಇಕ್ಕಳವನ್ನೇ ನೋಡತೊಡಗಿದ. ಅವ್ವ ಸೆರಗು ಬಿಟ್ಟಳು.

ಕಾಕೂ ಮಾತ್ರ ನನ್ನನ್ನೇ ನೋಡುತ್ತಿದ್ದರು. 'ನಿನಗ ಯಾವಾಗ ಗೊತ್ತಾತು?'

'ಹರಳಿಂದು ಸೋಮವಾರ. ಉಳಿದದ್ದು ಬುಧವಾರ, ನಿಮ್ಮ ಬಾಯ್ಲೇನ.'

'ನಾ ದಿನಾ ಕೇಳತಿದ್ದೆ.'

'ಹೌದ್ರಿ. ದಿನಾ ಸುಳ್ಳ ಹೇಳೀನಿ. ನಾ ಬಿದ್ದದ್ದೂ ಹೇಳಿಲ್ಲ. ತಪ್ಪಾತ್ರಿ.' ಇಷ್ಟು ಹೇಳುವಾಗ ಮಾತ್ರ ಅಳು ಬಂತು. ಗೌರವನ ಬಗ್ಗೆ ಹೇಳುವಾಗ ಬಂದಿರಲಿಲ್ಲ.

ಕಾಕೂ ತಟ್ಟೆಯನ್ನು ನೆಲಕ್ಕಿಟ್ಟರು. ಮಗನ ಕಡೆ ತಿರುಗಿದರು. ನಾನು ಇಷ್ಟು ದಿನ ಫೋನಿನಲ್ಲಿ ಕೇಳಿದ ದನಿಯಲ್ಲ ಅದು, ಬಹಳ ಸಣ್ಣದು.

'ನನಗ ಇನ್ನ ಏನೇನ ಹೇಳಿದ್ಯೋ ಗೌರವ?'

ಅವನು ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ, ಅದೇ ಕಣ್ಣು, ಅದೇ ಸಲಿಗೆ. ನಾನು ಏನಾದರೂ ಹೇಳಿ ಪಾರು ಮಾಡುತ್ತೇನೆ ಅಂತ ಕಾಯುತ್ತಿದ್ದ. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ.

ಹೊರಗೆ ಕಟ್ಟೆಯ ಮೇಲೆ ಸಪ್ಪಳವಾಯಿತು. ತಿರುಗಿ ನೋಡಿದರೆ ಅಪ್ಪ ಯಾವಾಗಲೋ ಎದ್ದು ಹೋಗಿದ್ದರು. ಬಾಗಿ, ಅಷ್ಟು ಜೋಡುಗಳ ನಡುವೆ ನನ್ನ ಚಪ್ಪಲಿ ಹುಡುಕುತ್ತಿದ್ದರು.